ಪಕ್ಕದ ಮನೆಯ ಅಕ್ಕನ ಫುಗಡಿ

ಕಳೆದ ವಾರ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಒಬ್ಬ ಯುವಕ ಮೂರ್ಛೆ ಬಂದು ಬಿದ್ದ. ಯಾರೋ ಉಳ್ಳಾಗಡ್ಡಿ ಒಡೆದು ಅವನ ಮೂಗಿಗೆ ಹಿಡಿದರು. ಅದರಿಂದ ಉಪಯೋಗವಿಲ್ಲವೆಂದು ನನಗೆ ಗೊತ್ತು. ಆದರೂ ಆ ಈರುಳ್ಳಿಯ ಘಾಟು ಬಡಿದಾಗ ಅಲ್ಲಿ ನಿಲ್ಲಲಾಗದೆ ದೂರ ಸರಿದೆ. ಐವತ್ತರ ದಶಕದ ಇಳಕಲ್, ನೇಕಾರರ ಓಣಿ, ಪಕ್ಕದ ಮನೆಯ ಅಕ್ಕ...

ನನಗಾಗ ಹನ್ನೊಂದು ವರ್ಷ, ಅವಳಿಗೆ ಹದಿನೇಳಿರಬಹುದು. ಅಪ್ಪ ಶಾಲೆಯ ಮಾಸ್ತರರು. ನಮ್ಮ ಬಾಡಿಗೆ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಪಂಚಮಿ ಹತ್ತಿರ ಬಂದಂತೆ ಓಣಿಯ ಹುಡುಗಿಯರೆಲ್ಲ ಸಂಜೆ ಫುಗಡಿ ಆಡುತ್ತಿದ್ದೆವು. ಇಬ್ಬರು ಎದುರುಬದುರಾಗಿ ಪಾದ ಜೋಡಿಸಿ, ಕೈಗಳನ್ನು ಅಡ್ಡಡ್ಡ ಹಿಡಿದು, ಹಿಂದಕ್ಕೆ ಬಾಗಿ ಗಿರಗಿರನೆ ತಿರುಗುವ ಆಟ. ಒಬ್ಬರ ಭಾರ ಇನ್ನೊಬ್ಬರ ಕೈಯಲ್ಲಿ. ಬೇರೆಯವರ ಜೊತೆ ಆಡುವಾಗ ನಾನು ಕಾಲು ನೋಡುತ್ತಿದ್ದೆ. ಅಕ್ಕನ ಜೊತೆ ಅವಳ ಮುಖವಷ್ಟೇ. ಯಾವಾಗ ಜೋರು, ಯಾವಾಗ ನಿಧಾನ ಎಂಬುದು ಅವಳ ಹೆಬ್ಬೆರಳಿನಿಂದಲೇ ನನಗೆ ತಿಳಿಯುತ್ತಿತ್ತು.

ಒಂದು ಸಂಜೆ ಆ ಹೆಬ್ಬೆರಳು ಅದುರಿತು. ಅವಳ ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು. ನಾನು ವೇಗ ತಗ್ಗಿಸಿ ಅವಳನ್ನು ಹತ್ತಿರಕ್ಕೆಳೆದು ತಬ್ಬಿಕೊಂಡೆ. ತುಸು ಹೊತ್ತು ಹಾಗೆಯೇ ನಿಂತೆವು. ಆಟವೆಂದುಕೊಂಡು ಉಳಿದವರು ನಕ್ಕರು.

ಆಮೇಲೆ ಅವಳು ನನ್ನನ್ನು ಹಿತ್ತಲಿಗೆ ಕರೆದೊಯ್ದಳು. “ಯಾರ ಮುಂದೂ ಹೇಳಬ್ಯಾಡ. ನಂಗ ಮೂರ್ಛಿ ಬರ್ತೈತಿ. ಅವ್ವಗ ಬಿಟ್ರ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರ ಲಗ್ನ ಆಗಂಗಿಲ್ಲ.”

ಅಂದಿನಿಂದ ಅವಳು ಬೇರೆ ಯಾರ ಜೊತೆಗೂ ಆಡಲಿಲ್ಲ. ನನ್ನ ಕೈಯಲ್ಲಿದ್ದರೆ ಅವಳಿಗೆ ಧೈರ್ಯ. ನಾನೋ, ಅವಳ ಕೈ ಹಿಡಿದಾಗಲೆಲ್ಲ ಅದುರು ಬಂತೇ, ಈಗ ಬಂತೇ ಎಂದು ಕಾಯುತ್ತಲೇ ತಿರುಗುತ್ತಿದ್ದೆ...

ಪಂಚಮಿಯ ದಿನ ಹುನಗುಂದದಿಂದ ಅಕ್ಕನಿಗೆ ನೋಡಿದ್ದ ವರನ ತಾಯಿ ಮತ್ತು ತಂಗಿ ಬಂದರು. ಲಗ್ನದ ಮಾತು ಬಹುತೇಕ ಮುಗಿದಿತ್ತು. ಅಂಗಳದಲ್ಲಿ ಹುಡುಗಿಯರು ತಿರುಗುತ್ತಿದ್ದರು, ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು.

“ನಮ್ಮ ಸೊಸಿ ಯಾಕ ಕುಂತಾಳ್ರೀ? ಈಗ್ಲೇ ಸೊಂಟ ಹಿಡಕೊಂಡೈತೇನು?” ಎಂದರು ವರನ ತಾಯಿ.

ಎಲ್ಲರೂ ನಕ್ಕರು. ಅಕ್ಕ ಎದ್ದು ನನ್ನ ಕಡೆ ಎರಡೂ ಕೈ ಚಾಚಿದಳು. “ಬಾ.”

“ನಾ ಒಲ್ಲೆ ಅಕ್ಕಾ. ಕಾಲು ಉಳುಕೇದ,” ಅಂದೆ. ಅದು ಸುಳ್ಳು.

“ನಾ ಬರ್ತೇನಿ ವೈನಿ! ನೀವು ಸೋಲ್ತೀರೋ ನಾ ಸೋಲ್ತೇನೋ ನೋಡೇಬಿಡೂಣು,” ಎಂದು ವರನ ತಂಗಿ ಅತ್ತಿಗೆಯಾಗಲಿದ್ದವಳ ಆ ಕೈಗಳನ್ನು ಹಿಡಿದಳು.

ನಾಲ್ಕನೆಯ ಸುತ್ತಿಗೋ ಐದನೆಯದಕ್ಕೋ ಅಕ್ಕನ ಹೆಬ್ಬೆರಳು ಅದುರಿದ್ದು ನನಗೆ ಕಂಡಿತು. ನಿಲ್ಲಿಸಿ ಎಂದು ಕೂಗಬಹುದಿತ್ತು. ಕೂಗಲಿಲ್ಲ. ಕೈಗಳು ಬಿಟ್ಟುಹೋದವು. ಅವಳ ತಲೆ ಕಟ್ಟೆಯ ಕಲ್ಲಿಗೆ ಬಡಿದ ಸದ್ದು ಕೇಳಿದ್ದೇ ನಾನು ಅವಳ ಬಳಿಗೆ ಓಡಿದೆ. ಅವಳ ತಾಯಿ ಉಳ್ಳಾಗಡ್ಡಿ ಒಡೆದು ತಂದು ಮಗಳ ಮೂಗಿಗೆ ಹಿಡಿದರು. ಹಿಡಿದುಕೊಂಡೇ ಒಮ್ಮೆ ನನ್ನ ಕಾಲುಗಳನ್ನು ನೋಡಿದರು.

ಹುನಗುಂದದವರು ಆ ಸಂಜೆಯೇ ಹೊರಟುಹೋದರು. ಮತ್ತೆ ಬರಲಿಲ್ಲ.

ನಾಲ್ಕಾರು ದಿನಗಳ ಮೇಲೆ ಅಕ್ಕ ನನ್ನನ್ನು ಕರೆಸಿದಳು. ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು.

“ಅಂಜಿದ್ಯೇನು?”

ಹೌದೆಂದು ತಲೆಯಾಡಿಸಿದೆ.

“ನಾನೂ ಅಂಜಿದ್ದೆ. ಅದಕ್ಕ ನಿನ್ನ ಕರದಿದ್ದೆ.”

ಮರುವರ್ಷ ಅಪ್ಪನಿಗೆ ವರ್ಗವಾಯಿತು. ನಾವು ಇಳಕಲ್ ಬಿಟ್ಟ ಕೆಲವು ವರ್ಷಗಳ ನಂತರ ಅಕ್ಕ ತೀರಿಕೊಂಡಳೆಂದು ತಿಳಿಯಿತು. ಅವಳಿಗೆ ಲಗ್ನವಾಗಿರಲಿಲ್ಲ. ಮುಂದೆ ನಾನು ಪತ್ರಿಕೆಗೆ ಸೇರಿದೆ. ಎಷ್ಟೋ ಸಾವುಗಳ ಬಗ್ಗೆ ಎಲ್ಲಿ, ಹೇಗೆ, ಜೊತೆಯಲ್ಲಿ ಯಾರಿದ್ದರು ಎಂದು ಕೇಳಿ ಬರೆದುಕೊಂಡಿದ್ದೇನೆ. ಅವಳ ಸಾವಿನ ಬಗ್ಗೆ ಹೇಳಬಲ್ಲ ನಮ್ಮ ಓಣಿಯವರೊಬ್ಬರು ಈಗಲೂ ಇಳಕಲ್ಲಿನಲ್ಲಿದ್ದಾರೆ. ನಾನು ಕೇಳಿಲ್ಲ. ಜೊತೆಯಲ್ಲಿ ಯಾರೂ ಇರಲಿಲ್ಲ ಎಂದುಬಿಟ್ಟಾರು ಎಂಬ ಭಯ.