ಬಿಟ್ಟೆ ಎಂಬ ಮಾತು

ಮಾಸೂರಿನ ನಮ್ಮ ಭಾವ ಯಾವ ಮಾತನ್ನೂ ಮೂರು ಸಲ ಹೇಳುವ ಮನುಷ್ಯ. ನೀರು ಕೇಳಿದರೂ ‘ತಾ, ತಾ, ತಾ’. ಎತ್ತಿಗೂ ಹಾಗೆಯೇ, ಅತ್ತೆಗೂ ಹಾಗೆಯೇ. ಮ್ಯಾಟ್ರಿಕ್ಕಿನಲ್ಲಿ ಡುಮ್ಕಿ ಹೊಡೆದು ಬೇರೆ ಉದ್ಯೋಗವಿಲ್ಲದ ನಾನು ಸವಣೂರಿನ ನಮ್ಮ ಓಣಿಯಲ್ಲಿ ಅವನ ನಕಲು ಮಾಡಿ ಚಹಾ ಗಿಟ್ಟಿಸುತ್ತಿದ್ದೆ.

ಅರವತ್ತರ ದಶಕದ ಒಂದು ಮಳೆಗಾಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸಿಟ್ಟಿಗೆದ್ದ ಭಾವ ನಮ್ಮಕ್ಕನಿಗೆ ‘ನಿನ್ನ ಬಿಟ್ಟೆ, ಬಿಟ್ಟೆ, ಬಿಟ್ಟೆ’ ಎಂದುಬಿಟ್ಟ. ಪಕ್ಕದ ಮನೆಯವರಿಗೆ ಕೇಳಿಸಿತು. ತಲಾಕ್ ಆಯಿತೆಂದು ಊರೆಲ್ಲ ಸುದ್ದಿ. ಜನರ ಬಾಯಿಗೆ ಹೆದರಿ ಅವಳ ಮಾವ ಮರುದಿನವೇ ಅವಳನ್ನು ತವರಿಗೆ ತಂದು ಬಿಟ್ಟರು. ಅದರ ಮುಂದಿನ ಬಸ್ಸಿಗೇ ಭಾವನೂ ಬಂದ, ಅವಳನ್ನು ಕರೆದೊಯ್ಯಲು.

ಮಸೀದಿಯ ಪಡಸಾಲೆಯಲ್ಲಿ ಖಾಜಿಸಾಹೇಬರೂ ಹಿರಿಯರೂ ನ್ಯಾಯಕ್ಕೆ ಕೂತರು. ಅಕ್ಕನ ಪರವಾಗಿ ಮಾತಾಡಿದವರು ಉರ್ದು ಶಾಲೆಯ ಮಾಸ್ತರರೊಬ್ಬರೇ. ಶುಕ್ರವಾರದ ಪ್ರವಚನ ಬರೀ ಅರಬ್ಬಿಯಲ್ಲಿ ಬೇಡ, ತಿಳಿಯುವಂತೆ ಕನ್ನಡದಲ್ಲೂ ಆಗಲಿ ಎಂದು ಕೇಳಿ ಮೊದಲೇ ಬೈಸಿಕೊಂಡಿದ್ದವರು.

“ಸಿಟ್ಟಿನ್ಯಾಗ ಒಂದ ಉಸಿರಿಗೆ ಅಂದದ್ದು ಒಂದ ಸಲದ ಲೆಕ್ಕರಿ. ತಿರುಗಿ ಕೂಡಾಕ ದಾರಿ ಐತಿ. ಬ್ಯಾರೆ ದೇಶದಾಗ ಹಂಗ ಕಾಯ್ದೆನೂ ಮಾಡ್ಯಾರ. ಇಂವ ನೀರೂ ಮೂರು ಸಲ ಕೇಳ್ತಾನ್ರಿ.”

“ನೀರು ಬ್ಯಾರೆ, ಮಾಸ್ತರ,” ಎಂದ ಖಾಜಿಸಾಹೇಬರು ಭಾವನ ಕಡೆ ತಿರುಗಿದರು. “ಅಂದಿಯೋ ಇಲ್ಲೋ?”

“ಅಂದೇನ್ರಿ, ಅಂದೇನ್ರಿ, ಅಂದೇನ್ರಿ.”

ನಗು ತಡೆದವರ ಗಡ್ಡಗಳು ಕುಣಿದವು. ನಾನು ಬಾಯಿ ಹಾಕಿದೆ. “ಅಂದದ್ದು ಕನ್ನಡದಾಗರಿ. ಪ್ರವಚನಕ್ಕ ನಡೀಲಾರದ ಕನ್ನಡ ಇದಕ್ಕ ಹೆಂಗ ನಡೀತೈತಿ?”

“ಸುಮ್ನ ಕುಂದ್ರೋ, ಮಂಗ್ಯಾ. ಬಿಡಾಕ ಯಾವ ಭಾಷಾ ಆದ್ರೂ ನಡೀತೈತಿ.”

ಖಾಜಿಸಾಹೇಬರು ಅಂದದ್ದು ಅಷ್ಟೇ, ತೀರ್ಪಾಯಿತು. ಅಕ್ಕನನ್ನು ಯಾರೂ ಕೇಳಲಿಲ್ಲ. ಮಾಸ್ತರರು ಚಪ್ಪಲಿ ಹುಡುಕುತ್ತ, “ನಮ್ಮ ಮೊಮ್ಮಕ್ಕಳೂ ಇದ ಮಾತಿಗೆ ಹಿಂಗ ಕುಂತಿರ್ತಾರ,” ಎಂದರು. ನಕಲು ಮಾಡೋಣವೆಂದರೆ ಆ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

“ಹಸಗೊಂಡ ಹೋಗ್ತಾರ, ಓಡು,” ಎಂದು ಮನೆಯಲ್ಲಿ ಅಕ್ಕ ಭಾವನಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಬಸ್ಸಿಗೆ ಕಾಯುತ್ತ ನಿಂತಿದ್ದ ಭಾವ ಗಂಟನ್ನು ಮೂಗಿಗೆ ಹಿಡಿದು, ತಿರುಗಿ ನನ್ನ ಕೈಗೇ ಕೊಟ್ಟ.

“ಇನ್ನ ಆಕಿ ನನಗ ಪರಾಯಿ ಹೆಂಗಸು. ಆಕಿ ಕೈಯಾಗಿಂದು ತಿಂದ್ರ ನಡೀತೈತೇನ? ಖಾಜಿಸಾಹೇಬ್ರನ್ನ ಕೇಳಿ ಬರ್ತಿಯೇನಪಾ?”

“ನಡೀತೈತಿ, ತಿನ್ರಿ ಭಾವ.”

“ನಿನ್ನ ಮಾತ ಯಾರ ನಂಬಬೇಕು?” ಎಂದು, ಅದನ್ನೂ ಒಂದೇ ಸಲ ಹೇಳಿ, ಬಸ್ಸು ಹತ್ತಿದ.

ಹಾಗೇ ಮನೆಗೆ ಒಯ್ದರೆ ಅಕ್ಕ ಯಾಕೆಂದು ಕೇಳುತ್ತಾಳೆ. ಅಲ್ಲೇ ಕಟ್ಟೆಯ ಮೇಲೆ ಕೂತು ನಾನೇ ಎಲ್ಲ ತಿಂದೆ.