ಬಳೆಚೂರಿನ ಚಿಟ್ಟೆಗಳು

ನನ್ನ ಕೈಗೆ ಸಿಕ್ಕ ಯಾವ ವಸ್ತುವೂ ಕಸವಾಗುತ್ತಿರಲಿಲ್ಲ. ಈಗ ಇದನ್ನು ಗುಣವೆಂದು ಹೇಳಿಕೊಳ್ಳುತ್ತೇನೆ. ಆಗ ಮನೆಯವರು ಪೀಡೆ ಎನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿದ್ದರೂ ಕಾಗದದ ಅಭಾವ ನೀಗಿರಲಿಲ್ಲ. ಬಣ್ಣದ ಕಾಗದ ಬೇಕೆಂದು ಕೇಳಿದರೆ ಅಂಗಡಿಯವನು ನನ್ನನ್ನು ನೋಡಿ ನಗುತ್ತಿದ್ದ. ಹಾಗಾಗಿ ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಮೂಲೆಯಲ್ಲಿ ನನ್ನದೊಂದು ಬಿಸ್ಕತ್ತಿನ ಡಬ್ಬಿ ಇತ್ತು. ದರ್ಜಿ ಎಸೆದ ರೇಷ್ಮೆ ತುಂಡು, ಹಳೇ ಸೀರೆಯ ಜರಿ, ಉದುರಿದ ಚಮಕಿ, ಎಲ್ಲಾ ಅದರೊಳಗೆ. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಬಳೆಚೂರು. ಬಳೇಪೇಟೆಯಿಂದ ಬಳೆಗಾರ ಬಂದು, ಜಗಲಿಯ ಮೇಲೆ ಕೂತು ವಠಾರದ ಹೆಂಗಸರಿಗೆಲ್ಲ ಬಳೆ ತೊಡಿಸಿ ಹೋದ ಮೇಲೆ, ಅವನು ಕೂತಿದ್ದ ಜಾಗವನ್ನು ನಾನು ಬೆರಳಿನಲ್ಲೇ ಗುಡಿಸುತ್ತಿದ್ದೆ.

ಆ ಚೂರುಗಳಿಂದ ಚಿಟ್ಟೆ ಮಾಡುತ್ತಿದ್ದೆ. ಚೂರನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಕಾಯಿಸಿದರೆ ಗಾಜು ಮೆತ್ತಗಾಗುತ್ತದೆ. ಆಗ ಬಗ್ಗಿಸಿ ತುದಿಗೆ ತುದಿ ಕೂಡಿಸಿದರೆ ಒಂದು ರೆಕ್ಕೆ. ಅಂಥ ನಾಲ್ಕು ರೆಕ್ಕೆಗಳ ಹಿಂದೆ ರೇಷ್ಮೆ ಅಂಟಿಸಬೇಕು. ಮೈಗೆ ಕಪ್ಪು ದಾರ ಸುತ್ತಿದ ಬೆಂಕಿಕಡ್ಡಿ, ಮೀಸೆಗೆ ಪೊರಕೆ ಕಡ್ಡಿಯ ಸೀಳು. ಗೋಂದು ಮಾತ್ರ ಅಪ್ಪನ ಕಚೇರಿಯದು, ಅದನ್ನು ಕೇಳಿ ತೆಗೆದುಕೊಂಡದ್ದೆಂದು ಹೇಳಲಾರೆ. ಬೆರಳು ಸುಟ್ಟುಕೊಳ್ಳದ ದಿನವಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಅಕ್ಕನಿಗೆ ಹದಿನೆಂಟು. ಅವಳಿಗೆ ಬಂದ ಎರಡು ಸಂಬಂಧಗಳು ಮಾತುಕತೆಯವರೆಗೂ ಬಂದು ತಪ್ಪಿಹೋಗಿದ್ದವು. ಮೂರನೆಯದು ಪೇಟೆಯ ಬಟ್ಟೆ ವ್ಯಾಪಾರದವರ ಮನೆ. ಹುಡುಗ ಅಕ್ಕನಿಗೂ ಹಿಡಿಸಿದ್ದ. ಅದನ್ನವಳು ಹೇಳಿದ್ದು ನನಗೊಬ್ಬಳಿಗೆ. ಇದೂ ತಪ್ಪಿದರೆ ಹುಡುಗಿಯಲ್ಲೇ ಏನೋ ದೋಷವಿದೆ ಎಂದು ಜನ ಆಡಿಕೊಳ್ಳುತ್ತಾರೆಂದು ಅಮ್ಮ ಸೊರಗಿಹೋಗಿದ್ದಳು.

ನಿಶ್ಚಿತಾರ್ಥದ ಆರತಿ ತಟ್ಟೆಯನ್ನು ಅಲಂಕರಿಸಬೇಕಾಗಿದ್ದ ನಮ್ಮ ಸೋದರತ್ತೆ ಜ್ವರ ಬಂದು ಬಸವನಗುಡಿಯ ತಮ್ಮ ಮನೆಯಲ್ಲೇ ಮಲಗಿಬಿಟ್ಟರು. ಅಡುಗೆಮನೆಯಲ್ಲಿ ಬೇಯುತ್ತಿದ್ದ ಅಮ್ಮ, ನೀನೇ ಏನಾದರೂ ಅಂಟಿಸಿ ಚೆನ್ನಾಗಿ ಮಾಡು ಎಂದಳು. ನನಗೆ ಅಷ್ಟೇ ಬೇಕಿತ್ತು. ತಟ್ಟೆಯ ಸುತ್ತ ಐದು ಚಿಟ್ಟೆ ಕೂರಿಸಿದೆ, ಹಸಿರು ಮತ್ತು ಕೆಂಪು ಗಾಜಿನವು. ಅಮ್ಮ ಆತುರದಲ್ಲಿ ಒಮ್ಮೆ ನೋಡಿ, ಪರವಾಗಿಲ್ಲ ಕಣೆ ಎಂದು, ಅದರಲ್ಲಿ ಆರತಿ ನೀರು ಕಲೆಸಿಟ್ಟು ಹೋದಳು.

ನಮ್ಮ ಮನೆಯಲ್ಲಿ ಬಳೆ ಒಡೆಯಿತು ಎನ್ನುವಂತೆಯೇ ಇರಲಿಲ್ಲ, ಹೆಚ್ಚಾಯಿತು ಎನ್ನಬೇಕಿತ್ತು. ಗಂಡ ಸತ್ತ ಹೆಂಗಸಿನ ಬಳೆ ಒಡೆಯುತ್ತಾರೆ ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದೂ ಮದುವೆಯ ಹುಡುಗಿಯ ಆರತಿಗೆ ಅದನ್ನೇ ಅಂಟಿಸಿದೆ. ಒಮ್ಮೆ ರೆಕ್ಕೆಯಾದ ಮೇಲೆ ನನ್ನ ಕಣ್ಣಿಗೆ ಅದು ಬಳೆಯಾಗಿ ಉಳಿದಿರಲಿಲ್ಲ, ಅಷ್ಟೆ.

ಅಕ್ಕನನ್ನು ಮಣೆಯ ಮೇಲೆ ಕೂರಿಸಿದ್ದರು. ಆರತಿ ಎತ್ತಲು ಬಗ್ಗಿದ ಹುಡುಗನ ತಾಯಿ ಹಾಗೆಯೇ ನಿಂತರು. ಒಂದು ಚಿಟ್ಟೆಯನ್ನು ಉಗುರಿನಿಂದ ಮುಟ್ಟಿ, "ಇದು ಒಡೆದ ಬಳೆ ಅಲ್ವೇನ್ರೀ?" ಎಂದರು.

ಅಮ್ಮನ ಮುಖ ಬಿಳಿಚಿಕೊಂಡಿತು. ಬೀಗರ ಕಡೆಯ ಹೆಂಗಸರಲ್ಲಿ ಗುಸುಗುಸು ಎದ್ದಿತು. ಒಬ್ಬರು, ಅಪಶಕುನವಾಯಿತು, ಇವತ್ತು ಬೇಡ, ಇನ್ನೊಂದು ದಿನ ನೋಡೋಣ ಎಂದೇಬಿಟ್ಟರು. ಇನ್ನೊಂದು ದಿನ ಎಂದರೆ ಏನೆಂದು ಎರಡು ಸಲ ಕಂಡವರು ನಾವು. ಅಕ್ಕ ತಲೆಯೆತ್ತಲಿಲ್ಲ, ಅವಳ ಕಣ್ಣಿಂದ ಒಂದು ಹನಿ ಸೀರೆಯ ಮೇಲೆ ಬಿದ್ದದ್ದು ನನಗೆ ಕಾಣಿಸಿತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

ಹುಡುಗನ ಅಜ್ಜಿಯೂ ಬಂದಿದ್ದರು. ಗಂಡ ತೀರಿಹೋದವರೆಂದು ಶಾಸ್ತ್ರದ ಎದುರಿಗೆ ಬಾರದೆ ಬಾಗಿಲಾಚೆ ಒಬ್ಬರೇ ಕೂತಿದ್ದರು. ಅಲ್ಲಿಂದಲೇ, ತಟ್ಟೆಯನ್ನು ಮಾಡಿದವರು ಯಾರೋ ಅವರೇ ಇಲ್ಲಿಗೆ ತರಲಿ ಎಂದರು. ನೀರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತೆಗೆದುಕೊಂಡು ಹೋದೆ. ಅವರು ಒಂದೊಂದೇ ರೆಕ್ಕೆಯನ್ನು ಸವರಿ, ಗಾಜನ್ನು ಹೇಗೆ ಬಗ್ಗಿಸಿದೆ ಎಂದು ಕೇಳಿದರು. ದೀಪದಲ್ಲಿ ಕಾಯಿಸಿ ಎಂದೆ. ಅವರು ತಟ್ಟೆಯನ್ನು ಪಕ್ಕಕ್ಕಿಟ್ಟು ನನ್ನ ಕೈ ಎಳೆದುಕೊಂಡು ಬೆರಳ ತುದಿಯ ಗುಳ್ಳೆಗಳನ್ನು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಬೆಂಕಿಗೆ ಹೋಗಿ ಬಂದಿದ್ದಕ್ಕೆ ಇನ್ನೆಂಥ ದೋಷನಮ್ಮಾ? ಒಡೆದ ಬಳೆ ಅಂದ್ರೆ ಏನು ಅಂತ ಇಲ್ಲಿರೋರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದು ಅದಲ್ಲ. ಆರತಿ ಎತ್ತಿ."

ತಟ್ಟೆಯನ್ನು ಬಳೆಯಿಲ್ಲದ ತಮ್ಮ ಬರಿಗೈಯಿಂದ ನನ್ನ ಕೈಗಿಟ್ಟರು. ಆ ಕೈಗಳನ್ನು ನೋಡಿದ ಮೇಲೆ ಯಾರೂ ಎದುರಾಡಲಿಲ್ಲ. ಆರತಿ ಆಯಿತು, ತಾಂಬೂಲ ಬದಲಾಯಿಸಿದ್ದೂ ಆಯಿತು.

ಅವರ ಜಟಕಾ ಬೀದಿ ತಿರುಗುವವರೆಗೂ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದವಳೇ ನನ್ನ ಬೆನ್ನಿಗೊಂದು ಗುದ್ದಿ, ಮರುಕ್ಷಣವೇ ಎಳೆದು ಅಪ್ಪಿಕೊಂಡಳು. ಅದನ್ನು ನೋಡಿ ಅಕ್ಕ ನಗತೊಡಗಿದಳು, ನಕ್ಕು ನಕ್ಕು ಅಳತೊಡಗಿದಳು, ಕೊನೆಗೆ ಮೂವರದೂ ಅದೇ ಕಥೆ. ಅಪ್ಪ ಬಂದು, ಎಲ್ಲಾ ಸರಿಹೋಯಿತಲ್ಲ, ಇನ್ನೇಕೆ ಈ ಗೋಳು ಎಂದು ಗದರಿ ತಾವೂ ಕಣ್ಣೊರೆಸಿಕೊಂಡರು. ಮನಸ್ಸು ಅಷ್ಟು ಹಗುರಾದದ್ದನ್ನು ನಾನು ಆಮೇಲೆ ಎಷ್ಟೋ ಪರೀಕ್ಷೆ ಪಾಸಾದಾಗಲೂ ಕಂಡಿಲ್ಲ.

ಮದುವೆಯ ದಿನ ಧಾರೆಯ ಹೊತ್ತಿಗೆ ಆ ಅಜ್ಜಿ ವಾಡಿಕೆಯಂತೆ ಹಿಂದಿನ ಕೋಣೆಗೆ ಸರಿದಿದ್ದರು. ಅಮ್ಮ ಹೋಗಿ ಅವರ ಕೈಹಿಡಿದು ಕರೆತಂದು ಮಂಟಪದ ಎದುರಿಗೇ ಕೂರಿಸಿದಳು. ನಮ್ಮ ಕಡೆಯವರೇ ಯಾರೋ ಏನೋ ಗೊಣಗಿದರು. ಬಾಯಿಮುಚ್ಚಿಕೊಂಡು ಅಕ್ಷತೆ ಹಾಕಿ ಎಂದಳು ಅಮ್ಮ.