ಗಂಟು ಬಿದ್ದ ತುದಿ

ಮೊಮ್ಮಗಳು ಊಟದ ಮೇಜಿನ ಮೇಲೆ ಬಿಟ್ಟುಹೋಗಿದ್ದ ವಿಜ್ಞಾನ ಪತ್ರಿಕೆಯನ್ನು ಇಂದು ಬೆಳಿಗ್ಗೆ ತೆರೆದೆ. ಕಾಫಿ ಆರಿದ್ದೂ ತಿಳಿಯಲಿಲ್ಲ. ಡಿಎನ್‌ಎಯ ತುದಿಯಲ್ಲಿ ಒಂಟಿಯಾಗಿ ಉಳಿದ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕು ಮಡಿಕೆಯ ಗಂಟಾಗುತ್ತದಂತೆ. ಆ ಗಂಟನ್ನು ಬಿಗಿಗೊಳಿಸಿ ಕ್ಯಾನ್ಸರನ್ನು ತಡೆಯುವ ಔಷಧಿಯನ್ನು ಹುಡುಕುತ್ತಿದ್ದಾರಂತೆ. ಈ ಮಡಿಕೆಯ ಸಂಗತಿ ದಶಕಗಳ ಹಿಂದೆಯೇ ಬಲ್ಲವರಿಗೆ ತಿಳಿದಿತ್ತೆಂದೂ ಬರೆದಿದೆ. ಮೈ ಉರಿಯಿತು. ಏಕೆಂದರೆ ಓದುಗರೇ, ಈ ಮಾತನ್ನು ನಾನು ತೊಂಬತ್ತರ ದಶಕದ ಕೊನೆಯಲ್ಲಿ, ಸೇಲಂನ ಒಂದು ಆಸ್ಪತ್ರೆಯಲ್ಲಿ, ಸಹಿ ಮಾಡಲೂ ಬಾರದ ನನ್ನ ಅಕ್ಕನ ಬಾಯಿಂದ ಕೇಳಿದ್ದೆ.

ಅಕ್ಕ ತಮಿಳು ಸೀಮೆಯ ಪೆನ್ನಾಗರಂನವಳು, ನಲವತ್ತು ವರ್ಷ ಕತ್ತಾಳೆ ನಾರು ಹೊಸೆದು ಹಗ್ಗ ಮಾಡಿದ ಕೈ. ನಾನೋ ಏಳನೆಯ ತರಗತಿಗೇ ಶಾಲೆ ಬಿಟ್ಟು, ಸೇಲಂನ ವಾಚನಾಲಯದಲ್ಲಿ ಕುಳಿತು ಪಂಡಿತನಾದವನು. ಪಂಚಾಂಗದಿಂದ ಪಠ್ಯಪುಸ್ತಕದವರೆಗೆ ಯಾರು ಬರೆದದ್ದನ್ನೂ ನಂಬದವನೆಂಬ ಖ್ಯಾತಿಯನ್ನು ಜತನದಿಂದ ಬೆಳೆಸಿಕೊಂಡವನು. ಅವಳ ಎದೆಯ ಗಡ್ಡೆಗೆ ಚಿಕಿತ್ಸೆ ನಡೆಯುತ್ತಿದ್ದಾಗ ಜೊತೆಗೆ ಹೋಗುತ್ತಿದ್ದೆ.

ಡಾಕ್ಟರು ಕನ್ನಡದವರೇ. ಒಂದು ದಿನ ಗೋಡೆಯ ಚಿತ್ರ ತೋರಿಸಿ, ಜೀವಕೋಶದೊಳಗಿನ ಎರಡೆಳೆಯ ಹುರಿ ಕೋಶ ಒಡೆದು ಎರಡಾದಾಗಲೆಲ್ಲ ತುದಿಯಲ್ಲಿ ಸವೆಯುತ್ತದೆ, ರೋಗದ ಕೋಶ ಮಾತ್ರ ಆ ತುದಿಯನ್ನು ಮತ್ತೆ ಮತ್ತೆ ಬೆಳೆಸಿಕೊಂಡು ಸಾಯದೆ ಉಳಿಯುತ್ತದೆ ಎಂದು ವಿವರಿಸಿದರು. ಅಕ್ಕ ಚಿತ್ರವನ್ನೇ ದಿಟ್ಟಿಸಿದಳು.

"ಡಾಕ್ಟ್ರೇ, ಬಿಟ್ಟ ತುದಿ ಇಂಗೆ ನೆಟ್ಟಗೆ ನಿಂತ್ಕಳಾಕಿಲ್ಲ. ತಿರುವು ಜಾಸ್ತಿ ಆದ್ರೆ ನಾಕು ಮಡಿಕೆ ಆಗಿ ಗಂಟು ಬೀಳ್ತೈತೆ. ಗಂಟು ಬಿದ್ದ ತುದಿಗೆ ಒಸ ನಾರು ಕೂಡಾಕಿಲ್ಲ. ಆ ಗಂಟನ್ನೇ ಬಿಗಿ ಮಾಡೋ ಮದ್ದು ಮರುಂದು ಏನೂ ಇಲ್ಲವಾ?"

ಕೋಣೆಯಲ್ಲಿ ನಗು ಎದ್ದಿತು.

"ಇದು ಹಗ್ಗ ಅಲ್ಲಮ್ಮ. ಎರಡೇ ಎಳೆ. ಬುಕ್ಕಲ್ಲೇ ಐತೆ," ಎಂದರು ಡಾಕ್ಟರು.

ಬುಕ್ಕಲ್ಲೇ ಐತೆ! ಈ ಒಂದು ಮಾತು ಎಷ್ಟು ಬಾಯಿಗಳನ್ನು ಮುಚ್ಚಿಸಿದೆಯೋ!

ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು: "ಏನ್ಲಾ, ಲೈಬ್ರರೀನೇ ನುಂಗಿದೋನೆ, ನಾನು ಯೋಳಿದ್ದು ತಪ್ಪಾ? ನೋಡ್ಕಂಡ್ ಬಂದು ಯೋಳು."

"ಬಸ್ಸಿಗೆ ಒತ್ತಾಯ್ತು, ನಡಿಯಕ್ಕ," ಎಂದೆ.

ಆಮೇಲೆ ಅವಳು ಆ ಕೋಣೆಯಲ್ಲಿ ಬಾಯಿ ತೆರೆಯಲಿಲ್ಲ. ಸೂಜಿಗೆ ಕೈ ಚಾಚುವಳು, ಎದ್ದು ಬರುವಳು. ಮರುವರ್ಷ ತೀರಿಕೊಂಡಳು.

ಅವಳು ಬದುಕುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ಅಂಥ ಔಷಧಿ ಇಂದಿಗೂ ಪರೀಕ್ಷೆಯ ಹಂತ ದಾಟಿಲ್ಲ. ಆದರೆ ತನ್ನ ಪ್ರಶ್ನೆ ಸರಿಯಾಗಿತ್ತೆಂದು ಕೇಳಿಸಿಕೊಳ್ಳುವ ಹಕ್ಕು ಅವಳಿಗಿತ್ತು. ಹುಡುಕಿದ್ದರೆ ನನಗೆ ಸಿಗುತ್ತಿತ್ತೋ ಏನೋ. ನಾನು ಹುಡುಕಲೇ ಇಲ್ಲ. ಇಷ್ಟು ವರ್ಷ ಆ ಡಾಕ್ಟರನ್ನು ಮನಸಾರೆ ಬೈದಿದ್ದೇನೆ. ಇಂದು ಬೈಗುಳ ಬಾಯಿಗೆ ಬರಲಿಲ್ಲ. ಅವರು ನಕ್ಕದ್ದು ಆಮೇಲೆ. ಆ ಕೋಣೆಯಲ್ಲಿ ಮೊದಲು ನಕ್ಕವನು ನಾನು.